ಹೆಸರು ಹೇಳುವ ಹೊತ್ತು

"ಮಾರಕ್ಕ, ಆ ಬಳೆ ಒಂದು ತೆಗೆದಿಟ್ಟುಬಿಡಿ. ನಿಮ್ಮ ಮಾತಿಗಿಂತ ಅದರ ಸದ್ದೇ ಜಾಸ್ತಿ ಕೇಳ್ತಿದೆ" ಎಂದಳು ನಯನಾ, ಕಿವಿಯ ಹೆಡ್‌ಫೋನನ್ನೂ ತೆಗೆಯದೆ.

ಹೇಳಿ, ಲ್ಯಾಪ್‌ಟಾಪಿನಲ್ಲಿ ಇನ್ನೇನೋ ಒತ್ತಿದಳು. ತಲೆ ಎತ್ತಿ ನೋಡಿದರೆ ಮಾರಕ್ಕ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಮಗಳು ಅಮೂಲ್ಯ ನಯನಾಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಾಳೆ. ವಕೀಲ ಯೋಗಾನಂದ ತನ್ನದೇ ಆಫೀಸಿನ ಗೋಡೆಯ ಕ್ಯಾಲೆಂಡರನ್ನು ಇವತ್ತೇ ಕಂಡವನ ಹಾಗೆ ಓದುತ್ತಾ ನಿಂತಿದ್ದಾನೆ.

"ಅಯ್ಯೋ, ಮೈಕಿಗೋಸ್ಕರ ಹೇಳಿದ್ದು ಮಾರಕ್ಕ. ಬೇರೆ ಏನಲ್ಲ..."

"ಸದ್ದು ಬರ್ದಂಗೆ ಇಟ್ಕತೀನಿ ಬುಡವ್ವ" ಎಂದಳು ಮಾರಕ್ಕ.

ಅಮೂಲ್ಯ ಬ್ಯಾಗಿನಿಂದ ಕರ್ಚೀಫು ತೆಗೆದು ಅವ್ವನ ಎಡಗೈ ಬಳೆಗಳನ್ನು ಮೇಲಕ್ಕೆ ಸರಿಸಿ ಒಟ್ಟಿಗೆ ಸುತ್ತಿ ಕಟ್ಟಿದಳು. ಬಲಗೈಗೆ ಯೋಗಾನಂದ ತನ್ನ ಕರ್ಚೀಫು ಕೊಟ್ಟ. ಹಸಿರು ಗಾಜಿನ ಬಳೆಗಳು. ಸಾತನೂರಿನ ಸಂತೆಯಲ್ಲಿ ಕೂತು ಕೈ ಒಡ್ಡಿ ಇಡಿಸಿಕೊಂಡವು. ನಯನಾ ಹುಟ್ಟಿದ್ದೂ ಅದೇ ಸಾತನೂರಿನಲ್ಲಿ. ಅಲ್ಲಿ ಹುಟ್ಟಿ ಬೆಳೆದವಳು ಇಂಥ ಮಾತು ಆಡಬಾರದಿತ್ತು.

ಯಾಕೆಂದರೆ ಮಾರಕ್ಕನ ಗಂಡ ಇದ್ದಾನೋ ಸತ್ತಿದ್ದಾನೋ ಎನ್ನುವುದೇ ಇವತ್ತಿನ ವಿಷಯ. ಸಾತನೂರಿನಾಚೆ ಗುಡ್ಡದ ಹಿಂದಿನ ಕ್ವಾರಿಯಲ್ಲಿ ಅವನು ಬಂಡೆಗೆ ಕುಳಿ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಮೂರು ಮಳೆಗಾಲದ ಹಿಂದೆ ಒಂದು ಸಂಜೆ ಮೇಲಿನ ಬಂಡೆ ಜರಿದು ಬಿತ್ತು. ಅವನು ಮನೆಗೆ ಬರಲಿಲ್ಲ. ಮಾಲೀಕರು ಹೇಳಿದ್ದೇ ಬೇರೆ: ಬಂಡೆ ಬಿದ್ದಾಗ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಆ ಮನುಷ್ಯ ಅವತ್ತು ಬೆಳಿಗ್ಗೆಯೇ ಮೇಸ್ತ್ರಿಯ ಜೊತೆ ಜಗಳ ಆಡಿ ಕೆಲಸ ಬಿಟ್ಟು ಹೋದ, ಈಗ ಎಲ್ಲೋ ತಮಿಳುನಾಡಿನ ಕಡೆ ಇದ್ದಾನೆ. ಠಾಣೆಯಲ್ಲಿ ಕಾಣೆಯಾಗಿದ್ದಾನೆ ಎಂದು ಬರೆದುಕೊಂಡರು. ಬಿದ್ದ ಬಂಡೆಯನ್ನು ಯಾರೂ ಎತ್ತಿಸಲಿಲ್ಲ. ಈಗ ಆ ಗುಂಡಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿಯುವ ಕೆಲಸ ಶುರುವಾಗಿತ್ತು.

ಆ ಕ್ವಾರಿಯ ಕಲ್ಲು ಹೋಗುವುದು ಯುರೋಪಿಗೆ. ಅಲ್ಲಿನ ಒಂದು ಕಂಪನಿ ಅದನ್ನು ಕೊಯ್ದು, ಹೊಳಪು ಕೊಟ್ಟು, ಹೆಸರು ಕೆತ್ತಿ ಸಮಾಧಿಗಳಿಗೆ ನಿಲ್ಲಿಸುತ್ತದೆ. ನಯನಾ ಜಿನೀವಾದ ಒಂದು ಮಾನವ ಹಕ್ಕು ಸಂಸ್ಥೆಯಲ್ಲಿ ವಕೀಲೆ. ಒಂದು ಭಾನುವಾರ ಅಲ್ಲಿನ ಸ್ಮಶಾನದ ಪಕ್ಕ ನಡೆದು ಹೋಗುತ್ತಿದ್ದವಳು ಒಂದು ಕಲ್ಲಿನ ಮುಂದೆ ನಿಂತುಬಿಟ್ಟಿದ್ದಳು. ಕಪ್ಪು ಮೈಯಲ್ಲಿ ಕೆಂಪು ಎಳೆ. ಇದು ನಮ್ಮೂರ ಕಲ್ಲು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಊರಿಗೆ ಬಂದಾಗ ಮಾರಕ್ಕನ ಸುದ್ದಿ ಕೇಳಿದಳು. ಕಲ್ಲು ಕೊಳ್ಳುವ ಕಂಪನಿಯ ಮೇಲೆ, ಆ ಕಂಪನಿ ಇರುವ ದೇಶದ ದೂರು ಸಮಿತಿಗೆ ಅರ್ಜಿ ಹಾಕಿದಳು. ಇವತ್ತು ಮಧ್ಯಾಹ್ನ ಆ ಸಮಿತಿ ವಿಡಿಯೋದಲ್ಲಿ ಮಾರಕ್ಕನ ಮಾತು ಕೇಳುತ್ತದೆ. ಕೇಳಿ ಒಪ್ಪಿದರೆ ಗುಂಡಿ ತುಂಬುವುದು ನಿಲ್ಲುತ್ತದೆ, ಬಂಡೆ ಎತ್ತಿಸುವ ಮಾತು ಬರುತ್ತದೆ. ಒಪ್ಪದಿದ್ದರೆ ಅರ್ಜಿ ಅಲ್ಲಿಗೆ ಮುಗಿಯಿತು, ಗುಂಡಿಯೂ ಮುಚ್ಚಿತು.

ಇಷ್ಟಕ್ಕೆ ನಯನಾ ರಾಮನಗರಕ್ಕೆ ಬಂದು, ತನ್ನ ಜೊತೆ ಲಾ ಓದಿದ ಯೋಗಾನಂದನ ಆಫೀಸಿನಲ್ಲಿ ಠಿಕಾಣಿ ಹೂಡಿದ್ದಳು. ರೇಷ್ಮೆ ಗೂಡು ಮಾರುಕಟ್ಟೆಯ ಹಿಂದಿನ ಬೀದಿ, ಕೆಳಗೆ ನೂಲಿನ ಅಂಗಡಿ, ಮೇಲೆ ಆಫೀಸು. ಕಿಟಕಿ ತೆಗೆದರೆ ಹುಳ ಬೇಯಿಸಿದ ವಾಸನೆ, ಮುಚ್ಚಿದರೆ ಸೆಕೆ. ನಯನಾ ಬೆಳಗಿನಿಂದ ಅದನ್ನು ತೆಗೆಯುತ್ತಲೂ ಮುಚ್ಚುತ್ತಲೂ ಇದ್ದಳು. ಕೂರುವುದು ಅವಳ ಜಾತಕದಲ್ಲೇ ಇರಲಿಲ್ಲ. ಯೋಗಾನಂದ ತರಿಸಿದ ಕಾಫಿಯನ್ನು ಕಿಟಕಿಯ ಮೇಲೊಂದು, ಫೈಲಿನ ಮೇಲೊಂದು ಮರೆತಿಟ್ಟು, ಮೂರನೆಯದಕ್ಕೆ ಹೇಳಿ ಕಳಿಸಿದ್ದಳು. ವರ್ಷದಲ್ಲಿ ಅರ್ಧ ವಿಮಾನದಲ್ಲಿ ಕಳೆಯುವವಳಿಗೆ ನೆಲ ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಏನೋ ತಪ್ಪಾಗಿದೆ ಅನ್ನಿಸುತ್ತಿತ್ತೋ ಏನೋ.

"ಏ ಮಾರಾಯ್ತಿ, ಒಂದ್ ಕಡೆ ಕುಂತ್ಕೊ. ನಿನ್ ನೋಡಿ ನೋಡಿ ನಂಗೇ ತಲೆ ಸುತ್ತು ಬಂತು" ಎಂದ ಯೋಗಾನಂದ.

"ಕರೆಂಟ್ ಹೋದ್ರೆ?"

"ಯುಪಿಎಸ್ ಐತೆ."

"ನೆಟ್ ಹೋದ್ರೆ?"

"ನನ್ ಫೋನೈತೆ. ಅದೂ ಹೋದ್ರೆ ನಾನೇ ಓಡೋಗಿ ಹೇಳ್ಬತ್ತೀನಿ ನಿನ್ನ ಯುರೋಪಿಗೆ. ಕುಂತ್ಕೊ."

ಅವಳು ಕೂತಳು. ಕೂತ ಕೂಡಲೇ ಫೋನು ಗುರುಗುಟ್ಟಿತು. ಜಿನೀವಾದ ಸಹೋದ್ಯೋಗಿಯ ಸಂದೇಶ. ಓದಿ ಎದ್ದು ನಿಂತಳು.

ಕಂಪನಿಯ ವಕೀಲ ಕೊನೆಯ ಗಳಿಗೆಯಲ್ಲಿ ಒಂದು ತಕರಾರು ಹಾಕಿದ್ದ. ಕಳೆದ ವರ್ಷ ನಯನಾ ಮಾಡಿ ಕಳಿಸಿದ್ದ ವಿಡಿಯೋ ಹೇಳಿಕೆಯಲ್ಲಿ ಈ ಹೆಂಗಸು ಒಂದು ಸಲವೂ ಗಂಡನ ಹೆಸರು ಹೇಳಿಲ್ಲ. ಹೆಸರು ಬಂದ ಕಡೆಯೆಲ್ಲ ಮಗಳು ಹೇಳಿದ್ದಾಳೆ, ಇಲ್ಲವೇ ಸಂಸ್ಥೆಯವರು ಬರೆದಿದ್ದಾರೆ. ಇದು ಹೇಳಿಕೊಟ್ಟು ಹೇಳಿಸಿದ ಸಾಕ್ಷಿ ಎಂದು ನಮಗೆ ಅನುಮಾನ. ಆದ್ದರಿಂದ ಸಮಿತಿಯ ಅಧ್ಯಕ್ಷೆ ಮೊಟ್ಟಮೊದಲು ಗಂಡನ ಹೆಸರು ಕೇಳುತ್ತಾರೆ. ಹೆಂಡತಿ ತನ್ನ ಬಾಯಿಂದಲೇ ಹೇಳಬೇಕು. ಪಕ್ಕದಲ್ಲಿರುವವರು ತುಟಿ ಅಲ್ಲಾಡಿಸಕೂಡದು.

"ಇಷ್ಟೇ ತಾನೇ!" ಎಂದು ನಯನಾ ನಕ್ಕುಬಿಟ್ಟಳು. ಇದಕ್ಕಿಂತ ದೊಡ್ಡ ಬಾಂಬು ಬೀಳುತ್ತದೆಂದು ಅವಳು ಹೆದರಿದ್ದಳು. "ಮಾರಕ್ಕ, ಮೊದಲನೇ ಪ್ರಶ್ನೆ ತುಂಬಾ ಸುಲಭ. ನಿಮ್ಮ ಗಂಡನ ಹೆಸರೇನು ಅಂತ ಕೇಳ್ತಾರೆ. ಹೇಳಿಬಿಟ್ಟು, ಆಮೇಲೆ ನಾವು ಅಂದುಕೊಂಡ ಹಾಗೆ ಹೇಳ್ತಾ ಹೋಗಿ."

"ಅದ ಅಮೂಲ್ಯ ಯೋಳ್ತಳೆ."

"ಇಲ್ಲ, ನೀವೇ ಹೇಳ್ಬೇಕು."

"ಆಧಾರ್ ಕಾರ್ಡ್ ತಂದಿವ್ನಿ. ಅದ್ರಾಗ್ ಬರ್ದವ್ರೆ, ತೋರುಸ್ತೀನಿ."

"ತೋರಿಸೋ ಹಾಗಿಲ್ಲ ಮಾರಕ್ಕ. ಬಾಯಲ್ಲೇ ಹೇಳ್ಬೇಕು."

ಮಾರಕ್ಕ ಕರ್ಚೀಫು ಕಟ್ಟಿದ ಕೈಗಳನ್ನು ನೋಡಿಕೊಂಡಳು. "ಅದಾಗಾಕಿಲ್ಲ ಕನವ್ವ" ಎಂದಳು.

ವಿಡಿಯೋ ಮಾಡಿದ ದಿನ ಇದೆಲ್ಲ ನಯನಾಳ ಕಣ್ಣೆದುರೇ ನಡೆದಿತ್ತು. ಮಾರಕ್ಕ "ಅವ್ರು" ಎನ್ನುತ್ತಿದ್ದಳು, "ಅಮೂಲ್ಯನ ಅಪ್ಪ" ಎನ್ನುತ್ತಿದ್ದಳು, ಹೆಸರು ಬೇಕಾದಾಗ ಮಗಳ ಕಡೆ ತಿರುಗುತ್ತಿದ್ದಳು. ಅದು ತಪ್ಪೆಂದು ನಯನಾಳಿಗೆ ಅನ್ನಿಸಿಯೇ ಇರಲಿಲ್ಲ. ಇನ್ಯಾವ ದೇಶದ ವಕೀಲ ಆ ಕೋಣೆಯಲ್ಲಿದ್ದರೂ ತಕ್ಷಣ ತಡೆದು ಕೇಳುತ್ತಿದ್ದ. ಊರಿನವಳಾದ್ದರಿಂದಲೇ ಇವಳ ಕಿವಿಗೆ ಅದು ಬಿದ್ದಿರಲಿಲ್ಲ.

"ಅವ್ವಾ, ಹೇಳ್ಬುಡು ಅಂದ್ರೆ ಹೇಳ್ಬುಡು" ಎಂದಳು ಅಮೂಲ್ಯ. ಅವಳು ಕನಕಪುರದಲ್ಲಿ ನರ್ಸಿಂಗ್ ಓದುವ ಹುಡುಗಿ. "ಅಪ್ಪನ್ ಹೆಸರು ತಾನೆ? ಯಾರೂ ಏನೂ ಅನ್ಕಳಲ್ಲ."

"ಅನ್ಕಳೋರ ಬಾಯಿಗೆ ಎದ್ರುಕಂಡು ಅಲ್ಲ ಕನೆ. ಗಂಡುನ್ ಎಸ್ರು ಕರುದ್ರೆ ಅವ್ರ ಆಯಸ್ಸು ಕಮ್ಮಿ ಆಯ್ತದೆ."

ನಯನಾ ಕೋಣೆಯ ಆ ಗೋಡೆಗೆ ಹೋಗಿ ಈ ಗೋಡೆಗೆ ಬಂದಳು. ಗಡಿಯಾರ ನೋಡಿದಳು. ಒಂದು ವರ್ಷದ ಕೆಲಸ, ಸಂಸ್ಥೆಯಲ್ಲಿ ಒಬ್ಬೊಬ್ಬರನ್ನೇ ಕಾಡಿ ಬೇಡಿ ಒಪ್ಪಿಸಿದ್ದು, ಟಿಪ್ಪರಿನಿಂದ ಸುರಿಯುತ್ತಿರುವ ಮಣ್ಣು, ಎಲ್ಲ ಒಟ್ಟಿಗೆ ತಲೆಗೇರಿತು. ಜಿನೀವಾದಲ್ಲಿ ಮರೆತಿದ್ದ ಊರ ಮಾತು ಬಾಯಿಗೆ ಬಂದುಬಿಟ್ಟಿತು.

"ಇನ್ಯಾವ ಆಯಸ್ಸು ಮಾರಕ್ಕ? ಮೂರು ವರ್ಸ ಆಯ್ತಲ್ಲ ಅವ್ರು ಬಂಡೆ ಕೆಳಗೆ ಹೋಗಿ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಏನು ಪ್ರಯೋಜನ?

ಮಾರಕ್ಕ ಎದ್ದು ನಿಂತಳು. ದನಿ ಏರಿಸಲಿಲ್ಲ. "ನೀನ್ ಕಂಡಾ?" ಎಂದಳು. "ಬಿದ್ದುದ್ದ ಕಂಡೋರ್ ಯಾರು? ಯೋಳವ್ವ, ಕಂಡೋರ್ ಯಾರು?"

ಕೇಳಿ, ಬಾಗಿಲು ದಾಟಿ ಹೊರಗೆ ಹೋದಳು. ಮೆಟ್ಟಿಲಿಳಿಯುವ ಸದ್ದು ಬರಲಿಲ್ಲ. ತಾರಸಿಗೆ ಹತ್ತಿದ ಸದ್ದು ಬಂತು. ಅಮೂಲ್ಯ ನಯನಾಳತ್ತ ಒಂದು ನೋಟ ಬಿಸಾಕಿ ಹಿಂದೆಯೇ ಹೊರಟಳು. ಯೋಗಾನಂದ ತಡೆದ. "ಇರವ್ವ, ಒಸಿ ಹೊತ್ತು ಒಬ್ರೇ ಇರ್ಲಿ."

ಆಮೇಲೆ ನಯನಾಳ ಕಡೆ ತಿರುಗಿ, "ಜಿನೀವಾದಲ್ಲಿ ಇದುಕ್ಕೆ ಯಾವ ಕಲಂ ಹಾಕ್ತೀರಾ ಮೇಡಂ?" ಎಂದ.

"ಸಾಕು ಸುಮ್ನಿರೋ."

"ಬಯ್ಯೋಕಲ್ಲ ಕಣೆ ಹೇಳಿದ್ದು. ನಮ್ಮವ್ವ ಈಗ್ಲೂ ಬ್ಯಾಂಕಿಗೆ ಹೋದ್ರೆ ನನ್ನ ಕರ್ಕೊಂಡೇ ಹೋಗೋದು. ಕೌಂಟ್ರಲ್ಲಿ ಅಪ್ಪನ್ ಹೆಸರು ಹೇಳೋಕೆ ಆಳು ಬೇಕಲ್ಲ!"

ನಯನಾ ಕಿಟಕಿ ತೆಗೆದಳು. ಕೆಳಗೆ ಗೂಡಿನ ಚೀಲ ತುಂಬಿದ ಆಟೋ ಒಂದು ಎದುರಿನ ಬೈಕಿನವನ ಜೊತೆ ದಾರಿಗಾಗಿ ಜಗಳಕ್ಕೆ ನಿಂತಿತ್ತು. ರೇಷನ್ ಅಂಗಡಿಯ ಸಾಲು ನೆನಪಾಯಿತು. ಫ್ರಾಕು ಹಾಕಿದ ತನ್ನನ್ನು ಅವ್ವ ಮುಂದಕ್ಕೆ ತಳ್ಳಿ, "ನಿಮ್ಮಪ್ಪನ್ ಎಸ್ರು ಯೋಳವ್ವ" ಎನ್ನುತ್ತಿದ್ದಳು. ನಯನಾ ಎದೆಯುಬ್ಬಿಸಿ, ಇಡೀ ಸಾಲಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಈ ಹುಡುಗಿ ಲಾಯರ್ರೇ ಆಗೋದು ಎಂದು ಅಂಗಡಿಯವನು ನಗುತ್ತಿದ್ದ. ಅವ್ವನ ಬಾಯಾಗುವುದೇ ಅವಳಿಗೆ ಬಂದ ಮೊದಲ ವಕೀಲಿಕೆ. ಇವತ್ತು ಮಾತ್ರ ಬಾಯಾಗುವ ಹಾಗಿರಲಿಲ್ಲ.

ಅವಳ ಕೆಲಸವೆಲ್ಲ ನಿಂತಿದ್ದೇ ಹೆಸರುಗಳ ಮೇಲೆ. ಮನೆಯಿಂದ ಎಳೆದೊಯ್ದು ಕಾಣೆ ಮಾಡಿದವರ ತಾಯಂದಿರು ಊರ ನಡುವಿನ ಚೌಕದಲ್ಲಿ ಫೋಟೋ ಹಿಡಿದು ಮಕ್ಕಳ ಹೆಸರು ಕೂಗುವುದನ್ನು ದೇಶ ದೇಶಗಳಲ್ಲಿ ನೋಡಿದ್ದಳು. ಅವರ ಜೊತೆ ನಿಂತು ತಾನೂ ಕೂಗಿದ್ದಳು, ಅತ್ತಿದ್ದಳು. ಹೆಸರು ಹೇಳುವುದೇ ನ್ಯಾಯದ ಮೊದಲ ಹೆಜ್ಜೆ ಎಂದು ಸಭೆಗಳಲ್ಲಿ ಭಾಷಣವನ್ನೂ ಬಿಗಿದಿದ್ದಳು. ಹೆಸರು ಹೇಳದೆಯೇ ಒಬ್ಬನನ್ನು ಉಳಿಸಿಕೊಳ್ಳುವವರಿಗೆ ಏನು ಹೇಳಬೇಕೆಂದು ಆ ಭಾಷಣದಲ್ಲಿ ಇರಲಿಲ್ಲ. ಕಿಟಕಿ ಮುಚ್ಚಿ ತಾರಸಿ ಹತ್ತಿದಳು.

ಮಾರಕ್ಕ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ನಯನಾ ಪಕ್ಕದಲ್ಲಿ ಬಿಸಿ ಸಿಮೆಂಟಿನ ಮೇಲೆ ಕೂತಳು.

"ತಪ್ಪಾಯ್ತು ಮಾರಕ್ಕ. ಹಂಗೆ ಅನ್ಬಾರ್ದಿತ್ತು."

"ಬುಡು." ಮಾರಕ್ಕ ಚಾಚಿದ್ದ ಕಾಲು ಮಡಚಿಕೊಂಡಳು. "ನಂಗೊತ್ತಿಲ್ಲ ಅನ್ಕಂಡಿದ್ದೀಯಾ? ಅವತ್ತು ಸಂದೇಲಿ ಅಟ್ಟದ್ ಮ್ಯಾಲಿನ್ ಪಾತ್ರೆಗೋಳೆಲ್ಲಾ ಗಡಗಡ ಅಂದೊ. ದೀಪ ಅಚ್ಚಾಕೆ ಕಡ್ಡಿ ಗೀರ್ತಾ ಇದ್ದೆ, ಕೈ ಅಂಗೇ ನಿಂತೋಯ್ತು. ಆಗ್ಲೇ ಗೊತ್ತಾಯ್ತು ನಂಗೆ."

"ಮತ್ತೆ?"

"ಗೊತ್ತಿರದೇ ಬ್ಯಾರೆ, ಬಾಯಲ್ಲಿ ಅನ್ನದೇ ಬ್ಯಾರೆ ಕನವ್ವ. ದಿನಾ ರಾತ್ರಿ ಅವ್ರುದ್ದೂ ಒಂದು ಮುದ್ದೆ ಕಟ್ಟಿಟ್ಟು ಮಲಿಕತೀನಿ. ಬೆಳುಗ್ಗೆ ಅದ್ನೇ ಮಜ್ಗೆಗೆ ಕಿವುಚ್ಕಂಡು ಕುಡ್ದು, ಸೊಪ್ಪು ಕುಯ್ಯಾಕೆ ಓಯ್ತೀನಿ. ಅಂಗೇ ದಿನ ಕಳೀತಾ ಐತೆ. ನನ್ ಬಾಯಿಂದ ಎಸ್ರು ಬಂದ್ಬುಟ್ರೆ, ಆಮೇಕೆ ಆ ಮುದ್ದೆ ಎಂಗ್ ಕಟ್ಟನೆ?"

ನಯನಾಳಿಗೆ ವಾದ ಮಾಡಲು ಬರುತ್ತಿತ್ತು. ದೊಡ್ಡ ದೊಡ್ಡ ಸಭೆಗಳಲ್ಲಿ ಎದುರಿನವರ ಬಾಯಿ ಮುಚ್ಚಿಸಿದವಳು. ಈಗ ವಾದ ಮಾಡುವುದಕ್ಕೆ ಹೇಸಿಗೆಯಾಯಿತು.

"ನಿಜ ಹೇಳ್ತೀನಿ ಮಾರಕ್ಕ. ನೀವು ಹೆಸರು ಹೇಳದಿದ್ರೆ ಅವರು ಅರ್ಜಿ ಮುಚ್ತಾರೆ. ಕ್ವಾರಿಯವರು ಗುಂಡಿ ಮುಚ್ತಾರೆ. ಹೇಳಿದ್ರೆ ಗುಂಡಿ ಮುಚ್ಚೋದು ನಿಲ್ಲಬಹುದು. ಬಂಡೆ ಎತ್ತಿಸೇ ಎತ್ತಿಸ್ತಾರೆ, ಅವರನ್ನ ತೆಗ್ದೇ ತೆಗೀತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ನಿಮಗೆ ಬೇಡ ಅಂದ್ರೆ ಬೇಡ. ಮಾರಕ್ಕ ಬರಲ್ಲ ಅಂತ ನಾನೇ ಹೇಳ್ತೀನಿ. ನೀವು ಮನೆಗೆ ಹೋಗಿ."

ಹೇಳಿದ್ದು ಮನಸ್ಸಿನಿಂದಲೇ, ಆದರೂ ಮನೆಗೆ ಹೋಗುತ್ತೇನೆ ಎಂದುಬಿಟ್ಟರೆ ಏನು ಗತಿ ಎಂದು ಒಳಗೊಳಗೇ ಹೆದರಿದ್ದಳು.

ಮಾರಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ರಾಮನಗರದ ಗುಡ್ಡಗಳ ಕಡೆ ನೋಡುತ್ತಾ, "ನಿಮ್ಮವ್ವ ಎಂಗವ್ಳೆ? ಮಂಡಿ ನೋವು ಅಂತಿದ್ಲಲ್ಲ" ಎಂದಳು. ಆಮೇಲೆ ನಯನಾಳ ಮುಖ ನೋಡಿ, "ಬೆಳುಗ್ಗಿಂದ ಏನೂ ತಿಂದಿಲ್ಲ ನೀನು. ಅಮೂಲ್ಯ ಚಿತ್ರಾನ್ನ ತಂದವ್ಳೆ, ಬಾ ಉಣ್ಣವ" ಎಂದು ಎದ್ದಳು. ಕೆಳಗೆ ನಾಲ್ವರೂ ಪೇಪರಿನ ಮೇಲೆ ಚಿತ್ರಾನ್ನ ಹಂಚಿಕೊಂಡು ತಿಂದರು. ಏನಾಯಿತು ಎಂದು ಯೋಗಾನಂದ ಹುಬ್ಬಿನಲ್ಲೇ ಕೇಳಿದ. ನಯನಾ ತಲೆ ಆಡಿಸಿದಳು, ಗೊತ್ತಿಲ್ಲ.

ಊಟವಾಗಿ ಕೈ ತೊಳೆಯುವ ಹೊತ್ತಿಗೆ ಸಮಿತಿಯ ಕರೆ ಬಂತು. ಮಾರಕ್ಕ ಹೋಗಿ ಮೈಕಿನ ಮುಂದೆ ಕೂತಳು.

ಪರದೆಯ ಮೇಲೆ ಒಬ್ಬೊಬ್ಬರೇ ಕಾಣಿಸಿಕೊಂಡರು. ನಡುವೆ ಸಮಿತಿಯ ಅಧ್ಯಕ್ಷೆ, ನೆರೆತ ಕೂದಲಿನ ಹೆಂಗಸು, ಕುತ್ತಿಗೆಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದರು. ಅಕ್ಕಪಕ್ಕ ಇಬ್ಬರು ಸದಸ್ಯರು. ಕೆಳಗೆ ಕಂಪನಿಯ ವಕೀಲ, ಚಿಕ್ಕ ವಯಸ್ಸಿನವನು. ಮೂಲೆಯಲ್ಲಿ ದುಭಾಷಿ ಮುಬಶ್ಶಿರಾ. ಅವಳು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಈಗ ಇರುವುದು ಸಮಿತಿಯ ದೇಶದಲ್ಲೇ. ನಯನಾ ಮಾರಕ್ಕನಿಂದ ಎರಡು ಮಾರು ದೂರದಲ್ಲಿ, ಎರಡೂ ಕೈ ಮೇಜಿನ ಮೇಲೆ ಕಾಣುವ ಹಾಗೆ ಇಟ್ಟು ಕೂರಬೇಕಿತ್ತು. ಕೈ ಸುಮ್ಮನಿದ್ದವು. ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು.

"ನಮಸ್ಕಾರ ಅಮ್ಮ" ಎಂದಳು ಮುಬಶ್ಶಿರಾ. "ಅಧ್ಯಕ್ಷರು ಕೇಳ್ತಾ ಇದ್ದಾರೆ, ಯಾರ ಬಗ್ಗೆ ಹೇಳೋಕೆ ಬಂದಿದ್ದೀರಾ? ನಿಮ್ಮ..." ಇಲ್ಲಿ ಅವಳ ಮಾತು ಒಂದು ಕ್ಷಣ ತಡೆಯಿತು. ಚನ್ನಪಟ್ಟಣದವಳಿಗೆ ತಾನು ಏನು ಕೇಳುತ್ತಿದ್ದೇನೆಂದು ಗೊತ್ತಿತ್ತು. "ನಿಮ್ಮ ಯಜಮಾನರ ಹೆಸರೇನು?"

ಮಾರಕ್ಕ ಮೈಕನ್ನು ನೋಡಿದಳು. ಕೆಳಗಿನ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಮಾರಕ್ಕ ಬಾಯಿ ತೆರೆದಳು, ಮುಚ್ಚಿದಳು. ಅಮೂಲ್ಯ ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡಿದ್ದಳು, ಎಲ್ಲಿ ಮಾತು ಜಾರಿಬಿಡುತ್ತದೋ ಎಂದು.

ಅಧ್ಯಕ್ಷೆ ಕಾದರು. ಮತ್ತೊಮ್ಮೆ ಕೇಳಿಸಿದರು. ಹೇಳು ಮಾರಕ್ಕ, ಹೇಳಬೇಡ ಮಾರಕ್ಕ, ಎರಡೂ ಒಟ್ಟಿಗೇ ನಯನಾಳ ಬಾಯಿಗೆ ಬರುತ್ತಿದ್ದವು.

ಕಂಪನಿಯ ವಕೀಲ ಕೈ ಎತ್ತಿ, ಮೃದುವಾಗಿಯೇ ಏನೋ ಹೇಳಿದ. ಮುಬಶ್ಶಿರಾ ಅದನ್ನು ಕನ್ನಡಕ್ಕೆ ತರಬೇಕಿತ್ತು. "ಅಮ್ಮ, ಕಂಪನಿ ಲಾಯರ್ ಏನು ಹೇಳ್ತಾ ಇದ್ದಾರೆ ಅಂದ್ರೆ... ನಿಮ್ಮ ಯಜಮಾನ್ರು ಬದುಕಿದ್ದಾರಂತೆ. ತಮಿಳುನಾಡಲ್ಲಿದ್ದಾರಂತೆ. ಅಲ್ಲಿ ಬೇರೆ ಸಂಸಾರ ಇದೆಯಂತೆ. ಅದಕ್ಕೇ ನಿಮಗೆ ಹೆಸರು ಹೇಳೋಕೆ ಇಷ್ಟ ಇಲ್ಲ, ಇದು ಮನೆ ಜಗಳ ಅಂತ."

ನಯನಾ ಮಾರಕ್ಕನ ಮುಖ ನೋಡಿದಳು. ಸಿಟ್ಟು ಬರುತ್ತದೆ, ಅಳು ಬರುತ್ತದೆ ಅಂದುಕೊಂಡಿದ್ದಳು. ಎರಡೂ ಬರಲಿಲ್ಲ. ಮಾರಕ್ಕನ ಮುಖ ಅರಳಿಬಿಟ್ಟಿತು. ಅಷ್ಟು ವಯಸ್ಸು ಒಂದೇ ಸಲಕ್ಕೆ ಎಲ್ಲಿಗೋ ಹೋಯಿತು.

"ಬದ್ಕವ್ರಾ?" ಎಂದು ಪರದೆಯ ಹತ್ತಿರಕ್ಕೆ ಬಾಗಿದಳು. "ಸಂಸಾರ ಮಾಡ್ಕಂಡಿದ್ರೆ ಮಾಡ್ಕಳ್ಲಿ ತಾಯಿ. ಮಕ್ಳಾಗಿದ್ರೂ ಆಗ್ಲಿ. ನಾನೇನೂ ಅನ್ನಕಿಲ್ಲ. ಕಂಡೋರ್ ಯಾರು ಅಂತ ಒಸಿ ಕೇಳವ್ವ. ಯಾವೂರಲ್ಲಿ ಕಂಡ್ರು? ಅದೊಂದ ಯೋಳುಬುಟ್ರೆ ನಾನು ಈಗ್ಲೇ ಎದ್ದೋಯ್ತೀನಿ. ಅರ್ಜಿನೂ ಬ್ಯಾಡ, ಏನೂ ಬ್ಯಾಡ."

ಮುಬಶ್ಶಿರಾ ಒಂದು ಅಕ್ಷರ ಬಿಡದೆ ಹೇಳಿದಳು. ಅಧ್ಯಕ್ಷೆ ಕನ್ನಡಕ ತೆಗೆದು ವಕೀಲನ ಕಡೆ ತಿರುಗಿದರು. ಉತ್ತರ ಕೊಡಿ ಎಂದರು.

ವಕೀಲ ಕಾಗದ ತಿರುವಿ ಹಾಕಿದ. ಕ್ವಾರಿಯ ಮಾಲೀಕರು ನಮಗೆ ತಿಳಿಸಿದ್ದಾರೆ ಎಂದ.

"ಮಾಲೀಕ್ರು ಕಂಡವ್ರಾ?"

ಇಲ್ಲ, ಅವರಿಗೆ ಮೇಸ್ತ್ರಿ ಹೇಳಿದ್ದು.

"ಮೇಸ್ತ್ರಿ ಕಂಡವ್ನಾ?"

ವಕೀಲ ಇನ್ನೊಂದು ಹಾಳೆ ತಿರುವಿದ. ಮತ್ತೆ ಹಿಂದಿನ ಹಾಳೆಗೆ ಬಂದ. ಅವನ ಕಿವಿ ಕೆಂಪಾಗಿದ್ದು ಪರದೆಯಲ್ಲೂ ಕಾಣುತ್ತಿತ್ತು. ಚಿಕ್ಕದಾಗಿ ಏನೋ ಹೇಳಿದ.

"ಯಾರೋ ಹೇಳಿದ್ದನ್ನ ಮೇಸ್ತ್ರಿ ಕೇಳಿದ್ದಂತೆ ಅಮ್ಮ" ಎಂದಳು ಮುಬಶ್ಶಿರಾ, ಮೆಲ್ಲಗೆ. "ಕಣ್ಣಾರೆ ಕಂಡವರು ಯಾರೂ ಇಲ್ಲ."

ಮಾರಕ್ಕ ಹಾಗೆಯೇ ಬಾಗಿಕೊಂಡಿದ್ದಳು, ಇನ್ನೂ ಏನಾದರೂ ಹೇಳುತ್ತಾರೇನೋ ಎಂಬಂತೆ. ಆಮೇಲೆ ನಿಧಾನಕ್ಕೆ ಹಿಂದಕ್ಕೆ ಒರಗಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಯನಾಳ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ.

"ಮುನಿಶಾಮಯ್ಯ" ಎಂದಳು.

ಅಮೂಲ್ಯ ಬೆಚ್ಚಿ ತಿರುಗಿದಳು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಅವಳು ಆ ಹೆಸರು ಕೇಳಿರಲಿಲ್ಲ. ಮಾರಕ್ಕನೂ ತನ್ನ ದನಿಯಲ್ಲಿ ಅದು ಹೇಗೆ ಕೇಳುತ್ತದೆಂದು ಇವತ್ತೇ ಕೇಳಿಸಿಕೊಂಡಳು. ಸರಿಯಾಗಿ ಬಂತೋ ಇಲ್ಲವೋ ಎಂಬ ಅನುಮಾನವಾದವಳಂತೆ ಇನ್ನೊಮ್ಮೆ ಅಂದಳು.

"ಮುನಿಶಾಮಯ್ಯ. ನನ್ ಗಂಡ. ಅವ್ರು ಎಲ್ಗೂ ಓಗಿಲ್ಲ. ಅಲ್ಲೇ ಅವ್ರೆ, ಬಂಡೆ ಕೆಳ್ಗೆ."

ಆಮೇಲೆ ಅವಳನ್ನು ಯಾರೂ ಏನೂ ಕೇಳಬೇಕಾಗಲಿಲ್ಲ. ಅವತ್ತು ಬೆಳಿಗ್ಗೆ ಅವರು ಉಟ್ಟಿದ್ದ ಪಂಚೆ, ಬುತ್ತಿಗೆ ಹಾಕಿಕೊಟ್ಟ ಹುರುಳಿಕಾಳಿನ ಸಾರು, ಅಟ್ಟದ ಪಾತ್ರೆಗಳು ನಡುಗಿದ್ದು, ಕತ್ತಲಲ್ಲಿ ಓಡಿಹೋದಾಗ ಕ್ವಾರಿಯ ಗೇಟಿನಲ್ಲಿ ಒಳಗೆ ಬಿಡದೆ ಅಟ್ಟಿದ್ದು, ಎಲ್ಲವನ್ನೂ ಹೇಳಿದಳು. ನಯನಾ ಕಲಿಸಿದ್ದ ಕ್ರಮ ಎಲ್ಲಿಗೋ ಹೋಗಿತ್ತು. ಮಾತಿನ ನಡುವೆ ಮತ್ತೆ ಮತ್ತೆ ಆ ಹೆಸರು ಬಂತು. ಮುಬಶ್ಶಿರಾ ಪ್ರತಿ ಸಲವೂ ಅದನ್ನು ಹಾಗೆಯೇ ಹೇಳಿದಳು. ಒಮ್ಮೆ ಮಾತ್ರ ಅವಳ ದನಿ ಒಡೆಯಿತು.

ಸಮಿತಿಯವರು ಪರದೆಯಿಂದ ಸ್ವಲ್ಪ ಹೊತ್ತು ಮರೆಯಾಗಿ ಮತ್ತೆ ಬಂದರು. ಅಧ್ಯಕ್ಷೆ ಬರೆದು ತಂದಿದ್ದನ್ನು ಓದಿದರು. ದೂರನ್ನು ವಿಚಾರಣೆಗೆ ತೆಗೆದುಕೊಂಡಿದ್ದೇವೆ. ವಿಚಾರಣೆ ಮುಗಿಯುವವರೆಗೆ ಆ ಗುಂಡಿ ಮುಚ್ಚಕೂಡದೆಂದು ಕಂಪನಿ ಇವತ್ತೇ ಕ್ವಾರಿಗೆ ತಿಳಿಸಬೇಕು. ಬಂಡೆ ಎತ್ತಿಸಿ ನೋಡುವುದು ಹೇಗೆಂದು ಮುಂದಿನ ಸಭೆಯಲ್ಲಿ ಕಂಪನಿ ಹೇಳಬೇಕು. ಮುನಿಶಾಮಯ್ಯನವರ ಪತ್ನಿಗೆ ನಮ್ಮ ಧನ್ಯವಾದ.

ಪರದೆ ಆರುತ್ತಿದ್ದಂತೆ ಯೋಗಾನಂದ ಮೇಜು ಗುದ್ದಿ, "ಹೊಡುದ್ಬುಟ್ಟೆ ಕಣೆ!" ಎಂದು ಕೂಗಿದ. ನಯನಾ ಅವನ ಕೈ ಹಿಡಿದು ಕುಲುಕಿದಳು. ಅಮೂಲ್ಯಳನ್ನು ಅಪ್ಪಿಕೊಂಡಳು. ಹುಡುಗಿ ಅಳುತ್ತಲೂ ನಗುತ್ತಲೂ ಇದ್ದಳು. ನಯನಾಳ ಫೋನು ಸುಮ್ಮನಾಗುವ ಹಾಗೇ ಕಾಣಲಿಲ್ಲ, ಒಂದರ ಹಿಂದೊಂದು ಅಭಿನಂದನೆ. ಇಂಥ ಆದೇಶ ಈ ಸಮಿತಿಯಿಂದ ಇದೇ ಮೊದಲು ಎಂದು ಯಾರೋ ಬರೆದಿದ್ದರು.

"ಒಸಿ ಸೋಪೈತಾ ಅವ್ವ?" ಎಂದಳು ಮಾರಕ್ಕ.

"ಬಚ್ಚಲಲ್ಲಿದೆ ಮಾರಕ್ಕ, ಒಳಗೆ, ಎಡಗಡೆ" ಎಂದು ನಯನಾ ದಾರಿ ತೋರಿಸಿ ಮತ್ತೆ ಲ್ಯಾಪ್‌ಟಾಪಿಗೆ ತಿರುಗಿದಳು. ಜಿನೀವಾದ ಸಹೋದ್ಯೋಗಿ ಕರೆ ಮಾಡಿದ್ದಳು. ಮುಂದೇನು, ಪತ್ರಿಕೆಗಳಿಗೆ ಏನು ಹೇಳುವುದು, ಮಾರಕ್ಕನ ಒಂದು ಫೋಟೋ ಕೊಡಬಹುದೇ ಎಂದೆಲ್ಲ ಕೇಳುತ್ತಿದ್ದಳು. ನಯನಾ ಕುರ್ಚಿಗೆ ಬೆನ್ನು ಆನಿಸಿ, ಕಾಲ ಮೇಲೆ ಕಾಲು ಹಾಕಿ ಮಾತಾಡಿದಳು. ಬೆಳಗಿನಿಂದ ಅವಳು ಸರಿಯಾಗಿ ಕೂತದ್ದು ಆಗಲೇ. ಕಿಟಕಿಯ ಮೇಲೆ ಆರಿಹೋಗಿದ್ದ ಕಾಫಿಯನ್ನೂ ಎತ್ತಿ ಕುಡಿದಳು. ಬಚ್ಚಲಿನಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ನಲ್ಲಿ ನಿಂತಿತು. ಮಾರಕ್ಕ ಹೊರಗೆ ಬಂದಳು. ಮೊಣಕೈವರೆಗೆ ಒದ್ದೆ, ಬೆರಳ ಸಂದಿಯಲ್ಲಿ ಇನ್ನೂ ಸೋಪಿನ ನೊರೆ. ಯೋಗಾನಂದನ ಕರ್ಚೀಫನ್ನು ಹಿಂಡಿ, ಮಡಿಸಿ ಅವನ ಕೈಗೆ ಕೊಟ್ಟಳು. ಮಗಳ ಕರ್ಚೀಫು ಗಂಟಿನ ಹಾಗೆ ಅವಳ ಅಂಗೈಯಲ್ಲಿತ್ತು. ಅದನ್ನು ಮೇಜಿನ ಮೇಲೆ, ಮೈಕಿನ ಪಕ್ಕದಲ್ಲಿ ಇಟ್ಟು ಬಿಚ್ಚಿದಳು. ಹಸಿರು ಬಳೆಗಳು ಒಂದರ ಮೇಲೊಂದು ಜಾರಿ ಮೇಜಿಗೆ ತಾಕಿದವು. ಒಂದೂ ಒಡೆದಿರಲಿಲ್ಲ.

"ನಯನಾ, ಅದೇನು ಸದ್ದು?" ಎಂದು ಜಿನೀವಾದವಳು ಕೇಳಿದಳು.

ನಯನಾ ಎದ್ದು ನಿಂತಿದ್ದಳು. ಅಮೂಲ್ಯ ತನ್ನ ವೇಲಿನಿಂದ ಅವ್ವನ ಕೈಗಳನ್ನು ಒರೆಸುತ್ತಿದ್ದಳು, ಒಂದು ಕೈಯಾದ ಮೇಲೆ ಇನ್ನೊಂದನ್ನು. ಬಳೆ ಇದ್ದ ಕಡೆ ಮೈ ಬಣ್ಣ ಒಂದಿಷ್ಟು ತಿಳಿಯಾಗಿತ್ತು.

"ಹಲೋ? ಕೇಳಿಸ್ತಿದೆಯಾ?"

ನಯನಾ ಕೈ ಚಾಚಿ ಮೈಕನ್ನು ಆರಿಸಿದಳು.